ಕೈಗೆ ತಕ್ಕ ಕೀಬೋರ್ಡು

 

ಕಾಸರಗೋಡು ತಾಲೂಕಿನ ಒಂದು ಮನೆಯ ಸಂಗತಿಯಿಂದ ಆರಂಭಿಸುತ್ತೇನೆ. ಆ ಮನೆಯ ಅಜ್ಜ ಮೂವತ್ತು ವರ್ಷ ಊರಿನ ಭಜನಾ ಮಂದಿರದಲ್ಲಿ ಹಾರ್ಮೋನಿಯಂ ನುಡಿಸಿದವರು. ವಾತ ಬಂದು ಬೆರಳಿನ ಗಂಟುಗಳು ಬಿಗಿದ ಮೇಲೆ ಪೆಟ್ಟಿಗೆ ಮುಚ್ಚಿ ಅಟ್ಟಕ್ಕೆ ಏರಿಸಿದರು. ಮೊಮ್ಮಗಳಿಗೆ ಹತ್ತು ವರ್ಷ. ಅವಳಿಗಾಗಿ ಮನೆಗೊಂದು ಕೀಬೋರ್ಡು ಬಂತು. ಅದನ್ನು ಕಂಪ್ಯೂಟರಿಗೆ ಜೋಡಿಸಿ, ಪಿಯಾನೋದ ನಾದ ಕೊಡುವ ಸಾಫ್ಟ್‌ವೇರನ್ನೂ ಹಾಕಿದರು. ಹುಡುಗಿ ನುಡಿಸಿದರೆ ಎಲ್ಲ ಸ್ವರಗಳೂ ಒಂದೇ ಅಬ್ಬರ. ಅಜ್ಜ ಆಸೆಪಟ್ಟು ನುಡಿಸಿದರೆ ಅರ್ಧ ಸ್ವರ ಕೇಳಿಸುವುದೇ ಇಲ್ಲ. ‘ಇವಳ ಕೈಯಲ್ಲಿ ನಯವಿಲ್ಲ’ ಎಂದು ಮನೆಯವರು ಹುಡುಗಿಗೆ ಹೇಳಿದರು. ‘ನನ್ನ ಕೈಯ ಕಥೆ ಮುಗಿಯಿತು ಮಾರಾಯ’ ಎಂದು ಅಜ್ಜ ನನಗೆ ಹೇಳಿದರು. ಹುಡುಗಿ ಕೀಬೋರ್ಡಿನ ಹತ್ತಿರ ಹೋಗುವುದನ್ನು ನಿಲ್ಲಿಸುವುದರಲ್ಲಿದ್ದಳು.

ಒಂದೇ ವಾದ್ಯ, ಒಂದೇ ಸಾಫ್ಟ್‌ವೇರ್. ಒಬ್ಬರಿಗೆ ಅಬ್ಬರ, ಇನ್ನೊಬ್ಬರಿಗೆ ಮೌನ. ಇದು ಹೇಗೆ? ಈ ತೊಡಕನ್ನು ನಿಮ್ಮ ಮನೆಯಲ್ಲೇ, ಖರ್ಚಿಲ್ಲದೆ, ಅರ್ಧ ಗಂಟೆಯಲ್ಲಿ ಸರಿಪಡಿಸಿಕೊಳ್ಳುವುದು ಹೇಗೆ? ಇಂದಿನ ಮಾತು ಇದರ ಬಗ್ಗೆ.

ಮೊದಲು ಹಾರ್ಮೋನಿಯಂ ಅನ್ನು ನೆನಪಿಗೆ ತಂದುಕೊಳ್ಳಿ. ಅದರಲ್ಲಿ ಕೀಯನ್ನು ಮೆಲ್ಲಗೆ ಒತ್ತಿದರೂ ಫಕ್ಕನೆ ಒತ್ತಿದರೂ ಶಬ್ದ ಒಂದೇ. ನಾದವನ್ನು ಏರಿಸುವುದು, ಇಳಿಸುವುದು ತಿದಿಯ ಕೆಲಸ. ಒಂದು ಕೈ ಸ್ವರವನ್ನು ಆರಿಸುತ್ತದೆ, ಇನ್ನೊಂದು ಕೈ ಅದಕ್ಕೆ ಉಸಿರು ಕೊಡುತ್ತದೆ. ಆದ್ದರಿಂದ ಹಾರ್ಮೋನಿಯಂ ನುಡಿಸಿ ಪಳಗಿದವರ ಬೆರಳು ಕೀಯನ್ನು ಹೊಡೆಯುವುದಿಲ್ಲ. ನಿಧಾನವಾಗಿ ಅದುಮಿ ಹಿಡಿಯುತ್ತದೆ. ಈ ಅಭ್ಯಾಸವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕೀ ಇರುವ ವಾದ್ಯಗಳಿಗೆ ಒಂದು ಕೊರತೆ ಹುಟ್ಟಿನಿಂದಲೇ ಇದೆ. ಪ್ರತಿ ಕೀಗೆ ಒಂದೇ ಸ್ಥಾನ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಬರುವುದಿಲ್ಲ, ಗಮಕ ಬರುವುದಿಲ್ಲ. ಈ ಆಕ್ಷೇಪ ಎಷ್ಟು ಬಲವಾಗಿತ್ತೆಂದರೆ, 1940ರ ಮಾರ್ಚ್‌ನಿಂದ ಆಲ್ ಇಂಡಿಯಾ ರೇಡಿಯೋ ತನ್ನ ನಿಲಯಗಳಲ್ಲಿ ಹಾರ್ಮೋನಿಯಂ ಅನ್ನೇ ನಿಷೇಧಿಸಿತು. 1971ರಲ್ಲಿ ಆ ನಿಷೇಧ ಸ್ವಲ್ಪ ಸಡಿಲವಾಯಿತು. ರೇಡಿಯೋದಲ್ಲಿ ಕುಳಿತು ಇದನ್ನು ಹೇಳುವಾಗ ನನಗೂ ನಗು ಬರುತ್ತದೆ. ಆದರೆ ಅದರಲ್ಲೊಂದು ಪಾಠವಿದೆ. ಸ್ವರವನ್ನು ಜಾರಿಸಲಾಗದ ವಾದ್ಯದಲ್ಲಿ ಭಾವಕ್ಕೆ ಉಳಿಯುವ ಮುಖ್ಯ ದಾರಿಗಳು ಎರಡೇ. ಒಂದು ಕಾಲ, ಇನ್ನೊಂದು ನಾದದ ಏರಿಳಿತ. ಆ ಏರಿಳಿತವೂ ಕೈತಪ್ಪಿದರೆ ನುಡಿಸುವವನ ಬಳಿ ಉಳಿಯುವುದು ಬಹಳ ಕಡಿಮೆ.

ಈ ಏರಿಳಿತವನ್ನು ಬೆರಳಿನ ತುದಿಗೇ ತಂದುಕೊಟ್ಟ ವಾದ್ಯ ಪಿಯಾನೋ. ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬ ಕುಶಲಕರ್ಮಿ 1700ರ ಸುಮಾರಿಗೆ ಅದನ್ನು ಕಟ್ಟಿದ. ಅದಕ್ಕೆ ಮೊದಲಿದ್ದ ಹಾರ್ಪ್ಸಿಕಾರ್ಡ್ ತಂತಿಯನ್ನು ಮೀಟುತ್ತಿತ್ತು. ಬೆರಳು ಹೇಗೆ ಬಿದ್ದರೂ ಶಬ್ದ ಹೆಚ್ಚುಕಡಿಮೆ ಒಂದೇ. ಕ್ರಿಸ್ತೊಫೊರಿ ಮೀಟುವ ಬದಲು ಪುಟ್ಟ ಸುತ್ತಿಗೆಯಿಂದ ತಂತಿಗೆ ಪೆಟ್ಟು ಕೊಡಿಸಿದ. ಕೀ ವೇಗವಾಗಿ ಇಳಿದರೆ ಸುತ್ತಿಗೆ ವೇಗವಾಗಿ ಹಾರುತ್ತದೆ, ನಾದ ಜೋರಾಗುತ್ತದೆ. ಪಿಯಾನೋ ಎಂದರೆ ಮೆಲ್ಲಗೆ, ಫೋರ್ಟೆ ಎಂದರೆ ಜೋರಾಗಿ. ವಾದ್ಯದ ಹೆಸರೇ ಅದರ ಗುಣವನ್ನು ಹೇಳುತ್ತದೆ. ನಮ್ಮ ಚೆಂಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ಕೋಲು, ಅದೇ ಚರ್ಮ. ಪೆಟ್ಟು ಬದಲಾದರೆ ರಂಗಸ್ಥಳದ ಭಾವವೇ ಬದಲಾಗುತ್ತದೆ.

ಪಿಯಾನೋ ಕನ್ನಡನಾಡಿಗೆ ಅಪರಿಚಿತವೇನಲ್ಲ. ಮೈಸೂರಿನ ಜಯಚಾಮರಾಜ ಒಡೆಯರು ಸ್ವತಃ ಪಿಯಾನೋ ಅಭ್ಯಾಸ ಮಾಡಿದವರು. ರಷ್ಯದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಾಯಿಲೆಯಿಂದಿದ್ದ ಕೊನೆಗಾಲದಲ್ಲಿ, ಅವನ ಕೃತಿಗಳು ಅವನ ಕೈಯಿಂದಲೇ ಧ್ವನಿಮುದ್ರಣವಾಗಲು ಹಣ ಒದಗಿಸಿದವರೂ ಅವರೇ. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಂಚೆರ್ಟೋವನ್ನು ಅವರಿಗೆ ಅರ್ಪಿಸಿದ. ಆದರೆ ಅದು ಅರಮನೆಯ ಮಾತು. ಗ್ರ್ಯಾಂಡ್ ಪಿಯಾನೋ ಎಂದರೆ ನೂರಾರು ಕಿಲೋ ತೂಕದ ಮರ, ಕಬ್ಬಿಣ, ತಂತಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ, ಸಮುದ್ರದ ಉಪ್ಪುಗಾಳಿ ಬೀಸುವ ನಮ್ಮ ಜಿಲ್ಲೆಯಲ್ಲಿ ಅದನ್ನು ಸಾಕುವುದು ಆನೆಯನ್ನು ಸಾಕಿದ ಹಾಗೆ. ಆದ್ದರಿಂದಲೇ ಸಾಫ್ಟ್‌ವೇರಿನ ಪಿಯಾನೋ ನಮ್ಮಂಥವರಿಗೆ ದೊಡ್ಡ ಉಪಕಾರ.

ಈಗ ಆ ಉಪಕಾರಿಯ ಒಳಗೆ ಇಣುಕಿ ನೋಡೋಣ. ಕೀಬೋರ್ಡಿನ ಪ್ರತಿ ಕೀಯ ಅಡಿಯಲ್ಲಿ ಸಾಮಾನ್ಯವಾಗಿ ಎರಡು ವಿದ್ಯುತ್ ಸಂಪರ್ಕಗಳಿರುತ್ತವೆ. ಕೀ ಇಳಿಯುವಾಗ ಮೊದಲು ಒಂದು ಕೂಡುತ್ತದೆ, ಮರುಕ್ಷಣ ಎರಡನೆಯದು ಕೂಡುತ್ತದೆ. ಈ ಎರಡರ ನಡುವಿನ ಕಾಲವನ್ನು ಯಂತ್ರ ಅಳೆಯುತ್ತದೆ. ಕಾಲ ಕಡಿಮೆಯಾದರೆ ಕೀ ವೇಗವಾಗಿ ಇಳಿಯಿತು, ಶಬ್ದ ಜೋರು. ಕಾಲ ಹೆಚ್ಚಾದರೆ ನಿಧಾನವಾಗಿ ಇಳಿಯಿತು, ಶಬ್ದ ಮೆಲು. ಗಮನಿಸಿ, ಯಂತ್ರ ಅಳೆಯುವುದು ನಿಮ್ಮ ಬೆರಳಿನ ಬಲವನ್ನಲ್ಲ, ವೇಗವನ್ನು. ಕೀ ತಳ ಮುಟ್ಟಿದ ಮೇಲೆ ಎಷ್ಟು ಅದುಮಿದರೂ ಪಿಯಾನೋದ ನಾದ ಹೆಚ್ಚುವುದಿಲ್ಲ. ‘ಕೈಯಲ್ಲಿ ಬಲವಿಲ್ಲ’ ಎಂದು ಮಕ್ಕಳನ್ನು ಗದರಿಸುವ ಮುಂಚೆ ಇದು ನಮ್ಮ ನೆನಪಿನಲ್ಲಿರಬೇಕು.

ಅಳೆದ ವೇಗವನ್ನು ಕೀಬೋರ್ಡು ಒಂದು ಅಂಕಿಯಾಗಿ ಮಾಡಿ ಕಂಪ್ಯೂಟರಿಗೆ ಕಳಿಸುತ್ತದೆ. ಹೀಗೆ ಕಳಿಸುವ ಭಾಷೆಗೆ ಮಿಡಿ ಎಂದು ಹೆಸರು. ನಮ್ಮ ಕಾಸರಗೋಡು ಜಿಲ್ಲೆ ಹುಟ್ಟಿದ್ದು 1984ರಲ್ಲಿ. ಮಿಡಿ ಬಂದದ್ದು ಅದಕ್ಕೆ ಒಂದು ವರ್ಷ ಮೊದಲು, 1983ರಲ್ಲಿ. ಬೇರೆ ಬೇರೆ ಕಂಪೆನಿಗಳ ವಾದ್ಯಗಳು ಒಂದರ ಮಾತು ಒಂದಕ್ಕೆ ತಿಳಿಯಲಿ ಎಂದು ತಯಾರಕರು ಕೂಡಿ ಮಾಡಿಕೊಂಡ ಒಪ್ಪಂದ ಅದು. ಅದರಲ್ಲಿ ಸ್ಪರ್ಶದ ವೇಗಕ್ಕೆ 1ರಿಂದ 127ರವರೆಗೆ ಅಂಕಿಗಳು. 1 ಎಂದರೆ ತೀರಾ ಮೆಲು, 127 ಎಂದರೆ ಅತಿ ಜೋರು. ಪರದೆಯ ಮೇಲೆ ಈ ಅಂಕಿಗೆ ‘ವೆಲಾಸಿಟಿ’ ಎಂಬ ಹೆಸರು ಕಾಣುತ್ತದೆ. ವೇಗ ಎಂದೇ ಅದರ ಅರ್ಥ.

ಆ ಅಂಕಿಯನ್ನು ಪಡೆದ ಸಾಫ್ಟ್‌ವೇರ್ ಏನು ಮಾಡುತ್ತದೆ? ಕೆಲವು ಸಾಫ್ಟ್‌ವೇರುಗಳಲ್ಲಿ ನಿಜವಾದ ಪಿಯಾನೋದ ಧ್ವನಿಮುದ್ರಣಗಳಿರುತ್ತವೆ. ಉಚಿತವಾಗಿ ಸಿಗುವ ‘ಸಲಮಾಂಡರ್ ಗ್ರ್ಯಾಂಡ್ ಪಿಯಾನೋ’ ಎಂಬ ನಾದಸಂಗ್ರಹದಲ್ಲಿ ಒಂದು ಯಮಾಹಾ ಪಿಯಾನೋವನ್ನು ಮೆಲ್ಲಗಿನಿಂದ ಜೋರಿನವರೆಗೆ 16 ಹಂತಗಳಲ್ಲಿ ಮುದ್ರಿಸಿದ್ದಾರೆ. ನಿಮ್ಮ ಅಂಕಿಗೆ ತಕ್ಕ ಹಂತವನ್ನು ಅದು ಎತ್ತಿ ಕೊಡುತ್ತದೆ. ಫ್ರಾನ್ಸಿನಲ್ಲಿ ತಯಾರಾಗಿ 2006ರಲ್ಲಿ ಬಂದ ‘ಪಿಯಾನೋಟೆಕ್’ನಂಥವು ಧ್ವನಿಮುದ್ರಣ ಇಟ್ಟುಕೊಳ್ಳದೆ, ತಂತಿ ಮತ್ತು ಸುತ್ತಿಗೆಯ ವರ್ತನೆಯನ್ನು ಆ ಕ್ಷಣದಲ್ಲೇ ಲೆಕ್ಕಹಾಕಿ ನಾದವನ್ನು ಹುಟ್ಟಿಸುತ್ತವೆ. ಯಾವುದೇ ಇರಲಿ, ಅಂಕಿ ಏರಿದಂತೆ ಶಬ್ದ ಮಾತ್ರವಲ್ಲ, ನಾದದ ಬಣ್ಣವೂ ಬದಲಾಗುತ್ತದೆ. ಮೆಲ್ಲಗಿನ ಪೆಟ್ಟಿನಲ್ಲಿ ನಾದ ದುಂಡಗೆ, ಜೋರು ಪೆಟ್ಟಿನಲ್ಲಿ ಹರಿತ. ಹಾಗಾಗಿ ವಾಲ್ಯೂಮ್ ತಿರುಗಿಸಿ ಈ ತೊಡಕನ್ನು ಪರಿಹರಿಸಲಾಗುವುದಿಲ್ಲ. ಜೋರಾಗಿ ಬಡಿದ ಸ್ವರದ ವಾಲ್ಯೂಮ್ ತಗ್ಗಿಸಿದರೆ ದೂರದಿಂದ ಕೇಳುವ ಕೂಗಿನ ಹಾಗಾಗುತ್ತದೆ, ಹತ್ತಿರದ ಪಿಸುಮಾತಾಗುವುದಿಲ್ಲ.

ಈಗ ಅಜ್ಜ ಮತ್ತು ಮೊಮ್ಮಗಳ ಗುಟ್ಟು ನಿಮಗೆ ಹೊಳೆದಿರಬಹುದು. ಆ ಕೀಬೋರ್ಡಿನ ಕೀಗಳ ಅಡಿ ಸ್ಪ್ರಿಂಗ್ ಇತ್ತು, ಕೀಗಳು ಬಲು ಹಗುರ. ಹುಡುಗಿ ಉತ್ಸಾಹದಿಂದ ತಟ್ಟುತ್ತಿದ್ದಳು. ಅವಳ ಅಂಕಿಗಳು ಹೆಚ್ಚಾಗಿ 95ರಿಂದ 120ರ ಒಳಗೆ ಬೀಳುತ್ತಿದ್ದವು. ಅಜ್ಜ ಹಾರ್ಮೋನಿಯಂನವರು, ಅದುಮುವ ಕೈ. ಜೊತೆಗೆ ಬಿಗಿದ ಗಂಟುಗಳು. ಅವರ ಅಂಕಿಗಳು 12ರಿಂದ 60ರ ಒಳಗೆ. ಅಜ್ಜನಿಗೆ ವಾತ ಇದ್ದದ್ದು ನಿಜ, ಆದರೆ ಸ್ವರ ಕೇಳಿಸದಿರಲು ಅದೊಂದೇ ಕಾರಣವಾಗಿರಲಿಲ್ಲ. ಇಬ್ಬರ ಕೈಯಲ್ಲೂ ಏರಿಳಿತ ಇತ್ತು. ಸಾಫ್ಟ್‌ವೇರ್ ಅದನ್ನು ಹಿಗ್ಗಿಸಿ ತೋರಿಸುತ್ತಿರಲಿಲ್ಲ, ಅಷ್ಟೇ. ಕಾರ್ಖಾನೆಯಲ್ಲಿ ‘ಸಾಮಾನ್ಯ’ ಎಂದು ಗುರುತು ಹಾಕಿಟ್ಟ ಕೈ ಆ ಮನೆಯ ಯಾರ ಕೈಯೂ ಆಗಿರಲಿಲ್ಲ.

ಸರಿಪಡಿಸುವ ಕ್ರಮವನ್ನು ಒಂದೊಂದಾಗಿ ಹೇಳುತ್ತೇನೆ. ಕಾಗದ, ಪೆನ್ನು ಹತ್ತಿರವಿರಲಿ.

ಮೊದಲನೆಯ ಕೆಲಸ, ವಾಲ್ಯೂಮನ್ನು ಒಂದು ಕಡೆ ನಿಲ್ಲಿಸುವುದು. ನಿಮ್ಮಿಂದಾಗುವಷ್ಟು ಜೋರಾಗಿ ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸಿ. ಕಿವಿಗೆ ಹಿತವಾಗಿ ಕೇಳುವಷ್ಟಕ್ಕೆ ಸ್ಪೀಕರನ್ನೋ ಹೆಡ್‌ಫೋನನ್ನೋ ಹೊಂದಿಸಿ. ಮುಂದಿನ ಅರ್ಧ ಗಂಟೆ ಅದನ್ನು ಮುಟ್ಟಬೇಡಿ. ಕೀಲಿ ಒತ್ತಿದ ಕೂಡಲೇ ಶಬ್ದ ಬರುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. ಶಬ್ದ ತಡವಾದರೆ ನಮಗೆ ಅರಿವಿಲ್ಲದೆಯೇ ಕೈ ಬಡಿಯಲು ಶುರುಮಾಡುತ್ತದೆ. ಸಾಫ್ಟ್‌ವೇರಿನ ಶಬ್ದದ ವಿಭಾಗದಲ್ಲಿ ‘ಬಫರ್’ ಎಂಬ ಅಂಕಿ ಇರುತ್ತದೆ. ಅದು 512 ಇದ್ದರೆ ಅದರಿಂದಲೇ ಸುಮಾರು 12 ಮಿಲಿಸೆಕೆಂಡು ತಡ, 256 ಇದ್ದರೆ ಸುಮಾರು 6. ಶಬ್ದ ಒಡೆಯದಷ್ಟು ಮಟ್ಟಿಗೆ ಅದನ್ನು ಕಡಿಮೆ ಇಡಿ. ಬ್ಲೂಟೂತ್ ಹೆಡ್‌ಫೋನ್ ಈ ಕೆಲಸಕ್ಕೆ ಬೇಡ. ಅದರಲ್ಲಿ ತಡ ಇನ್ನೂ ಹೆಚ್ಚು. ತಂತಿಯದ್ದೇ ಇರಲಿ.

ಎರಡನೆಯದು, ಹೊಂದಾಣಿಕೆ ಒಂದೇ ಕಡೆ ನಡೆಯಬೇಕು. ಕೀಬೋರ್ಡಿನಲ್ಲೂ ‘ಟಚ್’ ಎಂಬ ಆಯ್ಕೆ ಇರುತ್ತದೆ, ಸಾಫ್ಟ್‌ವೇರಿನಲ್ಲೂ ಇರುತ್ತದೆ. ಎರಡನ್ನೂ ತಿರುಚಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಕೀಬೋರ್ಡಿನದ್ದನ್ನು ನಡುವಿನ ‘ನಾರ್ಮಲ್’ ಅಥವಾ ‘ಮೀಡಿಯಂ’ಗೆ ಇಟ್ಟು ಬಿಟ್ಟುಬಿಡಿ; ಉಳಿದ ಕೆಲಸ ಸಾಫ್ಟ್‌ವೇರಿನಲ್ಲಿ ಆಗಲಿ. ಅಲ್ಲಿ ‘ಫಿಕ್ಸ್ಡ್’ ಅಥವಾ ‘ಆಫ್’ ಎಂದಿದ್ದರೆ ಯಾರ ಕೈಗೂ ಒಂದೇ ಶಬ್ದ ಬರುತ್ತದೆ. ಅದನ್ನು ಮೊದಲು ಬದಲಾಯಿಸಿ. ‘ಸಾಫ್ಟ್’, ‘ಹಾರ್ಡ್’ ಎಂಬ ಹೆಸರುಗಳು ಅನೇಕರನ್ನು ದಾರಿ ತಪ್ಪಿಸುತ್ತವೆ. ಅನೇಕ ಕೀಬೋರ್ಡುಗಳಲ್ಲಿ ‘ಸಾಫ್ಟ್’ ಎಂದರೆ ಮೆಲ್ಲಗೆ ಕೇಳುತ್ತದೆ ಎಂದಲ್ಲ, ಮೆಲ್ಲಗೆ ನುಡಿಸಿದರೂ ಜೋರಾಗಿ ಕೇಳುತ್ತದೆ ಎಂದು. ಹೆಸರನ್ನು ನಂಬಬೇಡಿ, ಕಿವಿಯನ್ನು ನಂಬಿ.

ಮೂರನೆಯದು, ನಿಮ್ಮ ಕೈಯನ್ನು ಅಳೆಯುವುದು. ಸಾಫ್ಟ್‌ವೇರಿನ ವೆಲಾಸಿಟಿ ವಿಭಾಗವನ್ನು ತೆರೆಯಿರಿ. ನೀವು ನುಡಿಸಿದಂತೆ ಅಲ್ಲಿ ಅಂಕಿಯೋ ಚುಕ್ಕಿಯೋ ಮೂಡುವುದು ವಾಡಿಕೆ. ಮಗುವನ್ನು ಮಲಗಿಸಿ ಬಂದವರ ಹಾಗೆ ಅತಿ ಮೆಲ್ಲಗೆ ಐದು ಬೆರಳಿನಿಂದ ಐದು ಸ್ವರ ನುಡಿಸಿ, ಅಂಕಿ ಬರೆದುಕೊಳ್ಳಿ. ಬಳಿಕ ಮಾತನಾಡುವ ಹದದಲ್ಲಿ ಐದು. ಕೊನೆಗೆ ನೋವಾಗದಂತೆ, ಆದರೆ ಪೂರ್ತಿ ಜೋರಾಗಿ ಐದು. ಅಳೆಯುವಾಗ ನಾಟಕ ಬೇಡ, ದಿನವೂ ನುಡಿಸುವ ಕೈಯೇ ಇರಲಿ. ಈಗ ನಿಮ್ಮ ಬಳಿ ಮೂರು ಅಂಕಿಗಳಿವೆ: ಮೆಲು, ನಡು, ಜೋರು. ಕೆಲವು ಸಾಫ್ಟ್‌ವೇರುಗಳು ಈ ಅಳತೆಯನ್ನು ತಾವೇ ಕೇಳಿ ಮಾಡಿಕೊಳ್ಳುತ್ತವೆ. ಆ ಕೆಲಸಕ್ಕೆ ‘ಕ್ಯಾಲಿಬ್ರೇಷನ್’ ಎಂಬ ಹೆಸರಿರುತ್ತದೆ.

ನಾಲ್ಕನೆಯದು, ಗೆರೆಯನ್ನು ಬಗ್ಗಿಸುವುದು. ಪರದೆಯ ಮೇಲೆ ಒಂದು ಚೌಕ, ಅದರ ಎಡಗಡೆಯ ಕೆಳಮೂಲೆಯಿಂದ ಬಲಗಡೆಯ ಮೇಲ್ಮೂಲೆಗೆ ಹೋಗುವ ಒಂದು ಗೆರೆ ಇರುತ್ತದೆ. ಅದೇ ‘ವೆಲಾಸಿಟಿ ಕರ್ವ್’. ಅಡ್ಡಕ್ಕೆ ಇರುವುದು ನಿಮ್ಮ ಕೈ, ಮೇಲಕ್ಕೆ ಇರುವುದು ಪಿಯಾನೋಗೆ ತಲುಪುವ ಅಂಕಿ. ಗೆರೆ ನೇರವಾಗಿದ್ದರೆ ಕೊಟ್ಟದ್ದೇ ತಲುಪುತ್ತದೆ: 60 ಕೊಟ್ಟರೆ 60. ನಿಮ್ಮ ಅಂಕಿಗಳೆಲ್ಲ ಮೇಲೆಯೇ ಇದ್ದರೆ ಗೆರೆಯ ನಡುಭಾಗವನ್ನು ಕೆಳಕ್ಕೆ ಎಳೆಯಿರಿ. ಹುಡುಗಿಗಾಗಿ ನಾವು 95 ಇದ್ದದ್ದನ್ನು 45ಕ್ಕೆ, 110 ಇದ್ದದ್ದನ್ನು 75ಕ್ಕೆ ಇಳಿಸಿದೆವು. 127 ಅಲ್ಲೇ ಉಳಿಯಿತು. ನಿಮ್ಮ ಅಂಕಿಗಳೆಲ್ಲ ಕೆಳಗೇ ಇದ್ದರೆ ಗೆರೆಯನ್ನು ಮೇಲಕ್ಕೆ ಉಬ್ಬಿಸಿರಿ. ಅಜ್ಜನಿಗಾಗಿ 12ನ್ನು 25ಕ್ಕೆ, 35ನ್ನು 65ಕ್ಕೆ, 60ನ್ನು 105ಕ್ಕೆ ಏರಿಸಿದೆವು. ಒಂದೊಂದು ಸಲ ಸ್ವಲ್ಪ ಸ್ವಲ್ಪವೇ ಸರಿಸಿ. ಗೆರೆ ಎಲ್ಲಿಯೂ ಗೋಡೆಯಂತೆ ನಿಲ್ಲಬಾರದು, ನೆಲದಂತೆ ಮಲಗಬಾರದು. ಗೋಡೆಯಂತಿದ್ದಲ್ಲಿ ಸ್ವರ ಹಾರಿಬೀಳುತ್ತದೆ. ಮಲಗಿದಲ್ಲಿ ಏರಿಳಿತವೇ ಇರುವುದಿಲ್ಲ.

ಐದನೆಯದು, ‘ಡೈನಾಮಿಕ್ಸ್’ ಅಥವಾ ‘ಡೈನಾಮಿಕ್ ರೇಂಜ್’ ಎಂಬ ಇನ್ನೊಂದು ಆಯ್ಕೆ. ಇದನ್ನೂ ಗೆರೆಯನ್ನೂ ಹಲವರು ಒಂದೇ ಎಂದು ತಿಳಿಯುತ್ತಾರೆ. ಮೆಟ್ಟಿಲಿನ ಹೋಲಿಕೆ ಕೊಡುತ್ತೇನೆ. ಯಾವ ಸ್ಪರ್ಶಕ್ಕೆ ಯಾವ ಮೆಟ್ಟಿಲು ಎಂದು ಗೆರೆ ಹೇಳುತ್ತದೆ. ಅತಿ ಕೆಳಗಿನ ಮೆಟ್ಟಿಲಿಗೂ ಅತಿ ಮೇಲಿನದಕ್ಕೂ ನಡುವೆ ಎಷ್ಟು ಎತ್ತರ ಎಂದು ಡೈನಾಮಿಕ್ಸ್ ಹೇಳುತ್ತದೆ. ಈ ಎತ್ತರದ ಅಳತೆ ಡೆಸಿಬೆಲ್. ಸುಮಾರು 10 ಡೆಸಿಬೆಲ್ ಏರಿದರೆ ನಮ್ಮ ಕಿವಿಗೆ ಶಬ್ದ ಇಮ್ಮಡಿಯಾದಂತೆ ಕೇಳುತ್ತದೆ. ನಿಶ್ಶಬ್ದ ರಾತ್ರಿಯಲ್ಲಿ ಹೆಡ್‌ಫೋನ್ ಹಾಕಿ ಕುಳಿತವರಿಗೆ ಈ ಎತ್ತರ ಹೆಚ್ಚಿದ್ದರೆ ಚೆಂದ. ಆಟಿ ತಿಂಗಳಲ್ಲಿ ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ, ಅಥವಾ ಶಾಲೆಯ ಕಲೋತ್ಸವದ ಗದ್ದಲದ ಚಪ್ಪರದಲ್ಲಿ, ಎತ್ತರ ಹೆಚ್ಚಿದ್ದರೆ ಮೆಲ್ಲಗಿನ ಸ್ವರಗಳು ಮುಳುಗಿಹೋಗುತ್ತವೆ. ಅಲ್ಲಿ ಸ್ವಲ್ಪ ತಗ್ಗಿಸುವುದು ವಿವೇಕ. ಕೈಗೆ ಗೆರೆ, ಜಾಗಕ್ಕೆ ಡೈನಾಮಿಕ್ಸ್ ಎಂದು ನೆನಪಿಟ್ಟುಕೊಳ್ಳಿ.

ಆರನೆಯದು ಪರೀಕ್ಷೆ. ಇದಕ್ಕೆ ನಮ್ಮ ಸರಳೆ ವರಸೆಗಿಂತ ಒಳ್ಳೆಯ ಸಾಧನವಿಲ್ಲ. ಮಾಯಾಮಾಳವಗೌಳದ ಸ ರಿ ಗ ಮ ಪ ದ ನಿ ಸ, ಎಂಟು ಸ್ವರ. ಕೆಳಗಿನ ಷಡ್ಜವನ್ನು ಪಿಸುಮಾತಿನಂತೆ ಆರಂಭಿಸಿ, ಒಂದೊಂದು ಸ್ವರಕ್ಕೂ ಒಂದಿಷ್ಟೇ ಏರಿಸುತ್ತಾ ತಾರಷಡ್ಜವನ್ನು ಪೂರ್ತಿ ಜೋರಾಗಿ ಮುಟ್ಟಿ. ಅದೇ ರೀತಿ ಇಳಿಯಿರಿ. ಎರಡು ಸ್ವರಗಳು ಒಂದೇ ಜೋರಿನಲ್ಲಿ ಕೇಳಿದರೆ, ಅಥವಾ ನಡುವೆ ಒಂದು ಸ್ವರ ಎಗರಿದರೆ, ಗೆರೆಯ ಆ ಭಾಗವನ್ನು ಇನ್ನೊಮ್ಮೆ ತಿದ್ದಿ. ಬಿಳಿ ಕೀಗಳಿಗಿಂತ ಕಪ್ಪು ಕೀಗಳು ಬೇರೆಯಾಗಿ ಸ್ಪಂದಿಸುತ್ತವೆಯೇ ಎಂಬುದೂ ಇದರಲ್ಲೇ ತಿಳಿಯುತ್ತದೆ. ಷಡ್ಜವನ್ನು ಬಿಳಿ ಒಂದರಲ್ಲಿಟ್ಟರೆ ರಿಷಭ, ಧೈವತಗಳು ಕಪ್ಪು ಕೀಗಳಲ್ಲಿ ಬರುತ್ತವಲ್ಲ!

ಎಂಟು ಸ್ವರಗಳೂ ಸಮನಾಗಿ ಏರಿ ಇಳಿದರೆ ಕೆಲಸ ಮುಗಿಯಿತು. ಆ ಹೊಂದಾಣಿಕೆಗೆ ನಿಮ್ಮ ಹೆಸರಿಟ್ಟು ಉಳಿಸಿ. ಹದಿನೈದು ದಿನ ಅದನ್ನು ಮುಟ್ಟಬೇಡಿ. ದಿನಕ್ಕೊಂದು ಗೆರೆ ಎಳೆದರೆ ಬೆರಳು ಯಾವುದನ್ನು ಕಲಿಯಬೇಕು? ಯಂತ್ರ ಕೈಯನ್ನು ತಿಳಿಯಬೇಕು ನಿಜ, ಆದರೆ ಕೈಯೂ ಯಂತ್ರವನ್ನು ತಿಳಿಯಬೇಕು. ಅದಕ್ಕೆ ದಿನಗಳು ಬೇಕು.

ಎರಡು ಎಚ್ಚರಿಕೆಯ ಮಾತುಗಳಿವೆ. ಒಂದು, ಯಾವುದೋ ಒಂದೇ ಕೀ ಮಾತ್ರ ಎಗರಿ ಕೂಗಿದರೆ, ಅಥವಾ ಒಂದೇ ಕೀ ಮೂಕವಾದರೆ, ಅದು ಗೆರೆಯ ತಪ್ಪಲ್ಲ. ಕೀಯ ಅಡಿಯ ಸಂಪರ್ಕದಲ್ಲಿ ಧೂಳೋ ತೇವವೋ ಸೇರಿರಬಹುದು. ಕಾಲದ ಅಳತೆಯೇ ಕೆಟ್ಟಿರುತ್ತದೆ. ಬಲ್ಲವರಿಂದ ಬಿಚ್ಚಿಸಿ ಶುಚಿ ಮಾಡಿಸಬೇಕು. ಮಳೆಗಾಲದಲ್ಲಿ ಕೀಬೋರ್ಡನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ. ಹತ್ತಿಯ ಬಟ್ಟೆ ಹೊದಿಸಿ, ದಿನವೂ ನುಡಿಸಿ.

ಇನ್ನೊಂದು, ಮೊಬೈಲಿನ ಪರದೆಯ ಮೇಲೆ ಚಿತ್ರದ ಪಿಯಾನೋ ನುಡಿಸುವ ಮಕ್ಕಳ ವಿಷಯ. ಗಾಜಿನ ಪರದೆಗೆ ಬೆರಳು ಎಲ್ಲಿ ಬಿತ್ತೆಂದು ತಿಳಿಯುತ್ತದೆ. ಕೀ ಇಳಿಯುವುದೇ ಇಲ್ಲವಾದ್ದರಿಂದ ಅದರ ವೇಗವನ್ನು ಸರಿಯಾಗಿ ಅಳೆಯುವ ದಾರಿಯಿಲ್ಲ. ಸ್ವರಸ್ಥಾನ ಗುರುತಿಸಲು ಅದು ಸಾಕು, ಏರಿಳಿತ ಕಲಿಯಲು ಸಾಲದು. ಆದರೆ 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಈಚೆಗೆ ಹೆಚ್ಚಿನ ಮೊಬೈಲುಗಳು ಮಿಡಿ ಭಾಷೆಯನ್ನು ಬಲ್ಲವು. ಸಣ್ಣದೊಂದು ಕೀಬೋರ್ಡನ್ನು ತಂತಿಯ ಮೂಲಕ ಅದಕ್ಕೆ ಜೋಡಿಸಬಹುದು. ಕಂಪ್ಯೂಟರ್ ಇಲ್ಲವೆಂದು ಯಾರೂ ಹಿಂದೆ ಸರಿಯಬೇಕಾಗಿಲ್ಲ. ಆದರೆ ಕೊಳ್ಳುವಾಗ ‘ಇದಕ್ಕೆ ಟಚ್ ಇದೆಯೇ?’ ಎಂದು ಕೇಳಿ, ಅಂಗಡಿಯಲ್ಲೇ ಮೆಲ್ಲಗೊಮ್ಮೆ ಜೋರಾಗೊಮ್ಮೆ ನುಡಿಸಿ ನೋಡಿ. ಆಟಿಕೆಯಂಥ ಅಗ್ಗದ ಕೀಬೋರ್ಡುಗಳಲ್ಲಿ ಅದು ಹೆಚ್ಚಾಗಿ ಇರುವುದಿಲ್ಲ. ಇಲ್ಲದ ಸ್ಪರ್ಶವನ್ನು ಯಾವ ಸಾಫ್ಟ್‌ವೇರೂ ತಂದುಕೊಡಲಾರದು.

ಮತ್ತೆ ಆ ಮನೆಗೆ ಬರೋಣ. ಈಗ ಅಲ್ಲಿಯ ಸಾಫ್ಟ್‌ವೇರಿನಲ್ಲಿ ಎರಡು ಹೊಂದಾಣಿಕೆಗಳಿವೆ. ಒಂದರ ಹೆಸರು ‘ಅಜ್ಜ’, ಇನ್ನೊಂದರ ಹೆಸರು ‘ಪುಳ್ಳಿ’. ಅಜ್ಜನ ವಾತ ಗುಣವಾಗಿಲ್ಲ. ವೇಗದ ಸ್ವರಗಳು ಅವರಿಂದ ಇಂದಿಗೂ ಆಗುವುದಿಲ್ಲ. ಆದರೆ ಸಂಜೆಯ ಹೊತ್ತಿಗೆ ವಿಳಂಬದಲ್ಲಿ ಒಂದೆರಡು ಭಜನೆ ನುಡಿಸುತ್ತಾರೆ, ಮುಗಿಸುವಾಗ ನಾದವನ್ನು ಮೆಲ್ಲಗೆ ಇಳಿಸುತ್ತಾರೆ. ಮೊದಲು ಎಡಗೈಯ ತಿದಿ ಮಾಡುತ್ತಿದ್ದ ಕೆಲಸವನ್ನು ಈಗ ಬೆರಳು ಮಾಡುತ್ತಿದೆ. ಹುಡುಗಿಯ ಗೆರೆಯನ್ನು ನಾವು ಮೂರು ತಿಂಗಳಿಗೊಮ್ಮೆ ಒಂದಿಷ್ಟು ನೇರ ಮಾಡುತ್ತಾ ಬಂದಿದ್ದೇವೆ. ಮುಂದೆ ನಿಜವಾದ ಪಿಯಾನೋದ ಮುಂದೆ ಕುಳಿತರೆ ಅಲ್ಲಿ ಬಗ್ಗಿಸಲು ಗೆರೆ ಇರುವುದಿಲ್ಲವಲ್ಲ! ಅವಳ ಕೈಯಲ್ಲಿ ನಯವಿಲ್ಲವೆಂಬ ಮಾತನ್ನು ಈಗ ಯಾರೂ ಆಡುವುದಿಲ್ಲ.

ನಿಮ್ಮ ಮನೆಯಲ್ಲೂ ಮೂಲೆ ಸೇರಿದ ಒಂದು ಕೀಬೋರ್ಡು ಇರಬಹುದು. ‘ನನಗೆ ಬರುವುದಿಲ್ಲ’ ಎಂದು ಯಾರೋ ಎದ್ದುಹೋಗಿರಬಹುದು. ಅವರನ್ನು ಕರೆದು ಕೂರಿಸಿ, ಮೆಲ್ಲಗೆ ಐದು, ಹದವಾಗಿ ಐದು, ಜೋರಾಗಿ ಐದು ಸ್ವರ ನುಡಿಸಲು ಹೇಳಿ. ಅಂಕಿಗಳನ್ನು ಬರೆದುಕೊಳ್ಳಿ. ಕೈಯನ್ನು ದೂರುವುದಕ್ಕೆ ಮುಂಚೆ ಗೆರೆಯನ್ನೊಮ್ಮೆ ನೋಡಿ.